ಪ್ರಯೋಗಾಲಯ ಅಷ್ಟು ಹೇಳಿಲ್ಲ

2014ರ ಜುಲೈನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆ ಹರಾಜಿಗಿಟ್ಟ ‘ಸಂತ ಪ್ರಾಕ್ಸೆಡಿಸ್’ ಚಿತ್ರ ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರನದೇ ಎಂದು ‘ಪ್ರಯೋಗಾಲಯ ಸಾಬೀತು ಮಾಡಿತು’ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಲ್ಲೇ ನನ್ನ ತಕರಾರು. ಪರೀಕ್ಷಿಸಿದ್ದು ಸೀಸದ ಬಿಳಿ ಬಣ್ಣವನ್ನು. ಅದು ಇಟಲಿಯದಲ್ಲ, ಡಚ್-ಫ್ಲೆಮಿಶ್ (ಈಗಿನ ನೆದರ್ಲೆಂಡ್ಸ್-ಬೆಲ್ಜಿಯಂ) ಕಡೆಯದು ಎಂದು ಗೊತ್ತಾಯಿತು; ವರ್ಮೀರನ ‘ಡಯಾನಾ’ ಚಿತ್ರದ ಬಿಳಿಗೂ ತೀರಾ ಹತ್ತಿರ ಬಂತು. ಬಲವಾದ ಸುಳಿವೇ, ಒಪ್ಪೋಣ. ಆದರೆ ಒಂದೇ ಅಂಗಡಿಯಿಂದ ಸುಣ್ಣ ತಂದ ಮಾತ್ರಕ್ಕೆ ಊರಿನ ಗೋಡೆಗಳನ್ನೆಲ್ಲ ಒಬ್ಬನೇ ಬಳಿದ ಹಾಗಾಯಿತೇ?

ಹರಾಜಿನ ಕಟ್ಟೆಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ವರ್ಮೀರನದೆಂದು ಒಪ್ಪಿಗೆ ಪಡೆದ, ವಾದ್ಯದ ಮುಂದೆ ಕೂತ ಹುಡುಗಿಯ ಚಿತ್ರ ಒಂದು ಗೇಣಿಗಿಂತ ಸ್ವಲ್ಪ ಎತ್ತರದ್ದು, 2004ರಲ್ಲಿ 1.62 ಕೋಟಿ ಪೌಂಡಿಗೆ ಹೋಯಿತು. ಒಂದು ಮೀಟರ್ ಎತ್ತರದ ಈ ಪ್ರಾಕ್ಸೆಡಿಸ್ ಚಿತ್ರಕ್ಕೆ ಸಿಕ್ಕಿದ್ದು ಸುಮಾರು 62 ಲಕ್ಷ ಪೌಂಡ್.

ನೀವು ಮುಟ್ಟದೇ ಬಿಟ್ಟ ವಿಷಯ ಇನ್ನೊಂದಿದೆ. ಇದು ಇಟಲಿಯ ಫ್ಲಾರೆನ್ಸಿನ ಚಿತ್ರಕಾರ ಫಿಕೆರೆಲ್ಲಿಯ ಚಿತ್ರದ ನಕಲು. ಹುತಾತ್ಮರ ರಕ್ತ ಹೀರಿದ ಸ್ಪಂಜನ್ನು ಪಾತ್ರೆಗೆ ಹಿಂಡುತ್ತಿರುವ ಕೈಗಳು ಅಲ್ಲೂ ಇವೆ, ಇಲ್ಲೂ ಇವೆ. ಇಲ್ಲಿ ಮಾತ್ರ ಆ ಬೆರಳುಗಳ ನಡುವೆ ಒಂದು ಶಿಲುಬೆ ಸೇರಿಕೊಂಡಿದೆ. ವರ್ಮೀರ್ ಇಟಲಿಗೆ ಹೋದ ದಾಖಲೆಯೇ ಇಲ್ಲ. ಹಾಗಾದರೆ ತನ್ನೂರು ಡೆಲ್ಫ್ಟ್‌ನಲ್ಲಿ ಕೂತವನ ಕಣ್ಣಿಗೆ ಮೂಲ ಬಿದ್ದದ್ದು ಹೇಗೆ? ಮುಂದಿನ ಸಲ ಬರೆಯುವಾಗ ಬೆಲೆಗಿಂತ ಮೊದಲು ಇದನ್ನು ಕೆದಕಿ.