ಬೀಗರೂಟಕ್ಕೆ ಬೀಗ

ಮಂಡ್ಯದ ಕಡೆ ಬೀಗರೂಟದಲ್ಲಿ ಎಲೆ ಮೇಲೆ ಮುದ್ದೆ ಬಿಟ್ಟು ಎದ್ದರೆ ಹಿಂದೆಲ್ಲ ನ್ಯಾಯ ಪಂಚಾಯಿತಿಗೆ ಹೋಗುತ್ತಿತ್ತು. ಈಗ ಬಿಟ್ಟು ಏಳುವವರಿಗೇ ಮರ್ಯಾದೆ ಜಾಸ್ತಿ. "ಇಂಜೆಕ್ಷನ್ ತಗೋತಾವ್ರಂತೆ ಕಣಕ್ಕ" ಎಂದು ಪಕ್ಕದ ಎಲೆಯವರು ಪಿಸುಗುಡುತ್ತಾರೆ. ಬಡಿಸುವವನು ಬೋಟಿ ಗೊಜ್ಜಿನ ಬಕೆಟ್ಟನ್ನು ಗೌರವದಿಂದ ಮುಂದಕ್ಕೆ ಒಯ್ಯುತ್ತಾನೆ.

ತೂಕ ಇಳಿಸುವ ಈ ಇಂಜೆಕ್ಷನ್ ವಾರಕ್ಕೊಂದು ಚುಚ್ಚಿಕೊಂಡರೆ ಹಸಿವೇ ಸುಳಿಯುವುದಿಲ್ಲ. 2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಇಂಜೆಕ್ಷನ್ ಭಾರತಕ್ಕೆ ಬಂದಾಗ ಶುರುವಿನ ಡೋಸಿನ ಒಂದು ಸೀಸೆಗೆ 3,500 ರೂಪಾಯಿ. ತಿಂಗಳಿಗೆ ನಾಲ್ಕು. ಅಂದರೆ ಉಣ್ಣದೇ ಇರುವ ಖರ್ಚು 14,000. ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವ ಕೈ ಇಲ್ಲಿ ಮಾತ್ರ ನಡುಗುವುದಿಲ್ಲ. ಅದೇ ವರ್ಷ ಜೂನ್‌ನಲ್ಲಿ ಇಂಥದ್ದೇ ಇನ್ನೊಂದು, ವೆಗೋವಿ ಬಂತು. 2026ರ ಮಾರ್ಚ್‌ಗೆ ವೆಗೋವಿಯೊಳಗಿನ ಔಷಧ ಸೆಮಾಗ್ಲುಟೈಡ್‌ನ ಪೇಟೆಂಟೂ ಇಲ್ಲಿ ಮುಗಿಯಿತು.

ಸಕ್ಕರೆ ಕಾಯಿಲೆಯವರಿಗೆ, ತೂಕದಿಂದಲೇ ಜೀವಕ್ಕೆ ಕುತ್ತು ಬಂದವರಿಗೆ ಇದು ಒಳ್ಳೆಯ ಔಷಧವೇ. ಡಾಕ್ಟರು ಬರೆದುಕೊಡಬೇಕು, ಅಷ್ಟೇ. ನಮ್ಮಲ್ಲಿ ಬರೆದುಕೊಡುವವರು ಯಾರು? ಜಿಮ್ ಮಾಸ್ಟರು, ವಾಕಿಂಗ್ ಗೆಳೆಯರು, ಮೈಸೂರಿನ ನಾದಿನಿ. ಮದುವೆ ಫೋಟೋಶೂಟಿಗೆ ಎರಡು ತಿಂಗಳಿದೆ, ಹತ್ತು ಕೆಜಿ ಇಳಿಯಬೇಕು. ಇದೇ ಕಾಯಿಲೆ.

ಡಬ್ಬಿಯೊಳಗೆ ಮಡಚಿಟ್ಟ ಕಾಗದವೊಂದು ಇರುತ್ತದೆ. ಭೂತಗನ್ನಡಿ ಹಿಡಿದು ಓದಿದರೆ ಅಲ್ಲಿ ಪಿತ್ತಕೋಶದ ಹೆಸರಿದೆ. ವೆಗೋವಿಯ ಪರೀಕ್ಷೆಗಳಲ್ಲಿ ಔಷಧ ತಗೊಂಡ ದೊಡ್ಡವರ ಪೈಕಿ ನೂರಕ್ಕೆ 1.6 ಮಂದಿಗೆ ಪಿತ್ತಕೋಶದ ಕಲ್ಲು ಕಂಡಿತು. ಬರೀ ಸುಳ್ಳು ಮದ್ದು ಚುಚ್ಚಿಸಿಕೊಂಡವರಲ್ಲಿ 0.7. ದೊಡ್ಡ ಸಂಖ್ಯೆಯೇನಲ್ಲ, ಆದರೆ ಎರಡು ಪಟ್ಟಿಗಿಂತ ಜಾಸ್ತಿ. ಈ ಬಗೆಯ ಔಷಧಗಳ 76 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2022ರ ಅಧ್ಯಯನವೂ ಇದನ್ನೇ ಹೇಳಿತು: ಡೋಸ್ ಜಾಸ್ತಿಯಾದಷ್ಟೂ, ತಗೊಂಡ ದಿನಗಳು ಹೆಚ್ಚಾದಷ್ಟೂ, ತೂಕ ಇಳಿಸಲೆಂದೇ ತಗೊಂಡಾಗಲೂ ಅಪಾಯ ಹೆಚ್ಚು.

ಕಾರಣ ನಮ್ಮವರಿಗೆ ಅರ್ಥವಾಗದ್ದೇನಲ್ಲ. ಮೈ ಗಬಕ್ಕನೆ ಇಳಿದರೆ ಕೊಬ್ಬಿನಲ್ಲಿದ್ದ ಕೊಲೆಸ್ಟರಾಲ್ ಪಿತ್ತರಸಕ್ಕೆ ಬಂದು ಸೇರುತ್ತದೆ. ಜಿಡ್ಡಿನ ಊಟ ಬಿದ್ದಾಗ ಪಿತ್ತಕೋಶ ಹಿಂಡಿಕೊಂಡು ರಸ ಬಿಡಬೇಕು. ಊಟವೇ ಇಲ್ಲ, ಮೇಲಾಗಿ ಔಷಧವೂ ಆ ಹಿಂಡುವಿಕೆಯನ್ನು ನಿಧಾನ ಮಾಡುತ್ತದೆ. ನೀರು ಬಿಡದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹೂಳು ನಿಂತ ಹಾಗೆ ರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ.

ಇಷ್ಟೆಲ್ಲ ಆದಮೇಲೆ ಒಂದು ದಿನ ಬಲಪಕ್ಕೆಯ ಕೆಳಗೆ ಹಿಡಿದುಕೊಳ್ಳುತ್ತದೆ. ನೋವು ಬೆನ್ನಿಗೆ, ಬಲ ಭುಜಕ್ಕೆ ಏರುತ್ತದೆ. ಮನೆಯಲ್ಲಿ ತೀರ್ಪು ಮೊದಲೇ ರೆಡಿ: "ಗ್ಯಾಸ್ಟ್ರಿಕ್ಕು ಕಣ್ಲಾ!" ಗೋಲಿಸೋಡಾ ಬರುತ್ತದೆ, ಓಂಕಾಳು ಬರುತ್ತದೆ. ಯಾರೋ ಬೆನ್ನು ಗುದ್ದುತ್ತಾರೆ. ಜ್ವರ ಬಂದು ಕಣ್ಣು ಹಳದಿಯಾದ ಮೇಲೆ ಸ್ಕ್ಯಾನಿಂಗ್. ಕಲ್ಲು ಅಂದ ಕೂಡಲೇ ಚಿಕ್ಕಪ್ಪ ಬಾಳೆದಿಂಡಿನ ರಸ ಹಿಡಿದು ಆಸ್ಪತ್ರೆಗೇ ಬರುತ್ತಾರೆ. ಅದು ಕಿಡ್ನಿ ಕಲ್ಲಿನ ಮದ್ದಲ್ವಾ ಎಂದರೆ, "ಕಲ್ಲು ಕಲ್ಲೇ ತಾನೇ?" ಡಾಕ್ಟರು ಏನಾದರೂ ಔಷಧ ತಗೋತಿದ್ದೀರಾ ಎಂದು ಕೇಳಿದರೆ ಮಾತ್ರ ಎಲ್ಲರೂ ಫ್ಯಾನ್ ನೋಡುತ್ತಾರೆ.

ಆಪರೇಷನ್ ಆಗುತ್ತದೆ. ತೆಗೆದ ಕಲ್ಲುಗಳನ್ನು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ. ಕಡಲೆಬೇಳೆ ಗಾತ್ರದವು, ಹಳದಿ-ಕಂದು ಬಣ್ಣ, ಅಲ್ಲಾಡಿಸಿದರೆ ಗಿಲಗಿಲ ಅನ್ನುತ್ತವೆ. ಬಾಟಲಿ ಟಿವಿ ಪಕ್ಕ, ದಸರಾ ಗೊಂಬೆಗಳ ಸಾಲಿಗೆ ಸೇರುತ್ತದೆ.

ನೋಡಲು ಬಂದವರು ಸೇಬಿನ ಕವರ್ ಕೆಳಗಿಟ್ಟು, ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಲೊಚಗುಟ್ಟಿ, ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

"ಅದಿರ್ಲಿ ಕಣವ್ವ, ಒಟ್ಟು ಎಷ್ಟು ಕೆಜಿ ಇಳೀತು? ಆ ಇಂಜೆಕ್ಷನ್ ಮಿಕ್ಕಿದ್ರೆ ಸುಮ್ನೆ ಯಾಕೆ ದಂಡ ಮಾಡ್ತೀಯ?"