ತಮ್ಮನಿಗೊಂದು ಕಾರು ಹುಡುಕಿದ ಮೂರು ತಿಂಗಳು

ಯುಗಾದಿ ಮುಗಿದ ವಾರ ಮಂಡ್ಯದಿಂದ ತಮ್ಮನ ಫೋನು. "ಅಕ್ಕ, ನಾಲ್ಕೂವರೆ ಲಕ್ಷ ಹೊಂಚಿದೀನಿ. ಇಪ್ಪತ್ತೈದು ಮೈಲೇಜ್ ಕೊಡೋ ಸೆಕೆಂಡ್ ಹ್ಯಾಂಡ್ ಗಾಡಿ ಯಾವ್ದಾರ ನೋಡು" ಅಂದ. "ಓಡ್ಸೋಕೆ ಹೆಂಗಿರ್ಬೇಕು?" ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದ. ಆಮೇಲೆ, "ಅದೆಲ್ಲ ಇಪ್ಪತ್ತು ಲಕ್ಷದ ಕಾರು ತಗೊಳ್ಳೋರ ಮಾತು ಬುಡಕ್ಕ" ಅಂದ.

ಆ ಮಾತು ಅವತ್ತಿಂದ ಮನಸ್ಸಲ್ಲೇ ಕೂತಿದೆ. ದುಡ್ಡು ಕಡಿಮೆ ಇದ್ದವರು ಕಾರಿನಿಂದ ಬರೀ ಮೈಲೇಜ್ ಕೇಳಬೇಕು, ಓಡಿಸೋ ಖುಷಿ ಕೇಳಬಾರದು ಅನ್ನೋದನ್ನ ನಾವು ಯಾವಾಗ ಒಪ್ಪಿಕೊಂಡ್ವಿ? ನಾನು ಒಪ್ಪಲ್ಲ. ಒಪ್ಪದೇ ಇರೋದಕ್ಕೆ ನನ್ನ ಕೈಯಿಂದಲೇ ದುಡ್ಡು ಹೋಗಿದೆ, ಅದನ್ನ ಮೊದಲು ಹೇಳ್ತೀನಿ.

ಎಂಟು ವರ್ಷದ ಹಿಂದೆ ಮೊದಲ ಕಾರು ತಗೊಂಡಾಗ ನಾನೂ ಹೀಗೇ ಲೆಕ್ಕ ಹಾಕಿದ್ದೆ. ಡೀಸೆಲ್ ಹ್ಯಾಚ್‌ಬ್ಯಾಕ್, ಲೀಟರಿಗೆ 21 ಕಿಲೋಮೀಟರ್. ಮೈಲೇಜ್ ಹೇಳಿದಷ್ಟೇ ಕೊಡ್ತು, ಸುಳ್ಳು ಹೇಳಲ್ಲ. ಆದರೆ ಕ್ಲಚ್ ಒತ್ತಿ ಒತ್ತಿ ಎಡಮಂಡಿ ನೋಯೋದು. ಹಂಪ್ ದಾಟಿ ಎರಡನೇ ಗೇರಲ್ಲಿ ಆಕ್ಸಿಲರೇಟರ್ ಕೊಟ್ಟರೆ ಗಾಡಿ ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಒಮ್ಮೆಲೇ ನುಗ್ಗೋದು. ಮೈಸೂರಿನ ದೇವರಾಜ ಅರಸು ರಸ್ತೆಯ ಸಂಜೆ ಟ್ರಾಫಿಕ್ಕಿಗೆ ಅದನ್ನ ತಗೊಂಡು ಹೋಗೋಕೆ ಮನಸ್ಸೇ ಬರ್ತಿರಲಿಲ್ಲ. ನಿಧಾನಕ್ಕೆ ಸ್ಕೂಟರ್ ಹೆಚ್ಚಾಯ್ತು, ಕಾರು ಸರಸ್ವತೀಪುರದ ನಮ್ಮ ಬೀದಿಯಲ್ಲಿ ಹೊಂಗೆ ಎಲೆ ಹೊದ್ದುಕೊಂಡು ನಿಂತಿತು. ಎರಡು ವರ್ಷದಲ್ಲಿ ಓಡಿದ್ದು 9,000 ಕಿಲೋಮೀಟರ್. ಪೆಟ್ರೋಲ್ ಕಾರಿಗೆ ಹೋಲಿಸಿದರೆ ಆವತ್ತಿನ ರೇಟಲ್ಲಿ ಇಂಧನಕ್ಕೆ ಉಳಿದದ್ದು ಹದಿನೈದು ಸಾವಿರದ ಒಳಗೆ. ಮಾರಿದಾಗ ಕಳಕೊಂಡಿದ್ದು 1 ಲಕ್ಷ 10 ಸಾವಿರ.

ಆಮೇಲೆ ತಗೊಂಡಿದ್ದು 2014ರ ಪೆಟ್ರೋಲ್ ಸ್ವಿಫ್ಟ್. ಆಗ 38,000 ಓಡಿತ್ತು, ಈಗ ಲಕ್ಷ ದಾಟಿದೆ. ಊರೊಳಗೆ 14, ಹೊರಗಡೆ 18 ಕೊಡುತ್ತೆ. ಪಾಂಡವಪುರದ ಹತ್ತಿರ ಇರೋ ನಮ್ಮ ಊರಿಗೆ ಅವ್ವನ್ನ ನೋಡೋಕೆ ವಾರ ವಾರ ಹೋಗೋದು ಅದರಲ್ಲೇ. ಅದನ್ನ ಮಾರಬೇಕು ಅಂತ ಒಂದು ದಿನವೂ ಅನಿಸಿಲ್ಲ. ಉಳಿತಾಯದ ಗುಟ್ಟು ಇರೋದು ಇಲ್ಲೇ ಅಂತ ನನ್ನ ನಂಬಿಕೆ. ಹಳೇ ಕಾರಲ್ಲಿ ದುಡ್ಡು ಸೋರೋದು ಪೆಟ್ರೋಲ್ ಬಂಕಿನಲ್ಲಿ ಅಲ್ಲ, ಬೇಜಾರಾಗಿ ಎರಡು ವರ್ಷಕ್ಕೊಂದು ಕಾರು ಬದಲಾಯಿಸೋದ್ರಲ್ಲಿ. ಮನಸ್ಸಿಗೆ ಹಿಡಿಸಿದ ಕಾರನ್ನ ಎಂಟು ಹತ್ತು ವರ್ಷ ಇಟ್ಕೋತೀವಿ, ಸರ್ವಿಸ್ ತಪ್ಪಿಸಲ್ಲ, ಒಂದು ಸಣ್ಣ ಸದ್ದು ಬಂದರೂ ಗ್ಯಾರೇಜಿಗೆ ಓಡ್ತೀವಿ.

ತಮ್ಮನಿಗೆ ಇದನ್ನ ಕಾಗದದ ಮೇಲೆ ಬರೆದು ತೋರಿಸಿದೆ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸ್ತೀಯ ಅಂದ್ಕೋ. ಲೀಟರಿಗೆ 100 ರೂಪಾಯಿ ಹಿಡಿ. 18 ಕೊಡೋ ಕಾರಿಗೆ 556 ಲೀಟರ್, 15 ಕೊಡೋದಕ್ಕೆ 667 ಲೀಟರ್. ವ್ಯತ್ಯಾಸ ವರ್ಷಕ್ಕೆ ಹನ್ನೊಂದು ಸಾವಿರ, ತಿಂಗಳಿಗೆ ಸಾವಿರದೊಳಗೆ. ಸವೆದ ನಾಲ್ಕು ಟೈರು ಇರೋ ಕಾರನ್ನ ನೋಡದೆ ತಗೊಂಡರೆ ಎರಡು ವರ್ಷದ ಆ ಉಳಿತಾಯ ಮೊದಲ ತಿಂಗಳೇ ಮುಗೀತು. ದಿನಾ ಮಂಡ್ಯ ಮೈಸೂರು ಓಡಾಡೋರಾದರೆ, ಹೋಗಿಬರೋಕೇ ತೊಂಬತ್ತು ಕಿಲೋಮೀಟರ್, ಅವರು ಡೀಸೆಲ್ಲೋ ಸಿಎನ್‌ಜಿಯೋ ನೋಡಲಿ, ಅದು ಬೇರೆ ಲೆಕ್ಕ. ಇವನು ಓಡಾಡೋದು ಮಂಡ್ಯದೊಳಗೆ, ಭಾನುವಾರ ಊರಿಗೆ, ಯಾವಾಗಲಾದರೂ ಬೆಂಗಳೂರಿಗೆ. ಚಿಕ್ಕ ಪೆಟ್ರೋಲ್ ಕಾರು ಸಾಕು.

ಇನ್ನು ಖುಷಿ. ಖುಷಿ ಅಂದರೆ ಎಷ್ಟು ಹಾರ್ಸ್‌ಪವರ್ ಅಂತ ಕೇಳ್ತಾರೆ. ನಾನು ಮೊದಲು ನೋಡೋದು ಕಾರಿನ ತೂಕ. 2018ರಲ್ಲಿ ಬಂದ ಸ್ವಿಫ್ಟ್ ಅದಕ್ಕಿಂತ ಹಿಂದಿನದಕ್ಕಿಂತ ಸುಮಾರು 85 ಕಿಲೋ ಹಗುರ. ಎಂಜಿನ್ ಅದೇ 1.2 ಲೀಟರಿನದು, ಪವರ್ 83 ಪಿಎಸ್ (ಹೆಚ್ಚುಕಡಿಮೆ ಹಾರ್ಸ್‌ಪವರೇ). ಒಬ್ಬ ದೊಡ್ಡ ಮನುಷ್ಯ ಕಾರಿನಿಂದ ಇಳಿದು ಹೋದ ಹಾಗೆ! ಬ್ರೇಕಿಗೂ ಗೊತ್ತಾಗುತ್ತೆ, ತಿರುವಿಗೂ ಗೊತ್ತಾಗುತ್ತೆ, ಮೈಲೇಜಿಗೂ ಗೊತ್ತಾಗುತ್ತೆ. ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಬೆಟ್ಟ ಹತ್ತುವಾಗ ಮೂರನೇ ಗೇರಿಂದ ಎರಡಕ್ಕೆ ಇಳಿಸಿ, ಸ್ಟೇರಿಂಗ್ ಎಷ್ಟು ತಿರುಗಿಸಿದ್ವೋ ಅಷ್ಟೇ ಮೂತಿ ತಿರುಗಿ, ಗಾಡಿ ಸಲೀಸಾಗಿ ಮೇಲೆದ್ದು ಬರುತ್ತಲ್ಲ, ಆ ಸುಖ ಐವತ್ತರ ಸ್ಪೀಡಲ್ಲೇ ಸಿಗುತ್ತೆ. ಅದಕ್ಕೆ ಎಕ್ಸ್‌ಪ್ರೆಸ್‌ವೇ ಬೇಕಿಲ್ಲ. ಅಲ್ಲಿ ಲೇನ್ ಹಿಡಿದು ನೂರರ ಮಿತಿಯಲ್ಲಿ ಹೋಗ್ತಾ ಇದ್ದರೆ ಎಲ್ಲ ಕಾರೂ ಒಂದೇ.

ಮನಸ್ಸು ಎಳೆಯೋ ಹಳೇ ಕಾರುಗಳು ನನಗೂ ಇವೆ. ಫೋರ್ಡಿನ ಮೊದಲ ಫಿಗೋ, 2010ರದು, ಹೈಡ್ರಾಲಿಕ್ ಪವರ್ ಸ್ಟೇರಿಂಗ್, ಅಂದರೆ ಎಣ್ಣೆಯ ಒತ್ತಡದಲ್ಲಿ ತಿರುಗೋದು. ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ಗೊತ್ತಾಗೋದು. ಫಿಯಟ್ ಪುಂಟೊ ಇನ್ನೂ ಒಂದು ಕೈ ಮೇಲೆ. ಆದರೆ ಫೋರ್ಡ್ 2021ರಲ್ಲಿ ಇಲ್ಲಿ ತಯಾರಿಕೆ ನಿಲ್ಲಿಸೋದಾಗಿ ಹೇಳಿತು, ಫಿಯಟ್ ಅದಕ್ಕೂ ಮುಂಚೆಯೇ ಹೋಯಿತು. ಬೆಂಗಳೂರಲ್ಲಿ ಪಾರ್ಟ್ಸ್ ಹುಡುಕೋ ತಾಳ್ಮೆ ಇರೋರಿಗೆ ಅವು ಈಗಲೂ ಚಿನ್ನ. ಮಂಡ್ಯದಲ್ಲಿ ಮೊದಲ ಕಾರು ತಗೊಳ್ಳೋ ನನ್ನ ತಮ್ಮನಿಗಲ್ಲ. ಪೋಲೊ ಗಟ್ಟಿ, ಚೆಂದ, ಆದರೆ 1.2 ಪೆಟ್ರೋಲಿನ ಮೂರು ಸಿಲಿಂಡರಿಗೆ ಆ ಮೈ ಭಾರ ಅನಿಸುತ್ತೆ. ಎಟಿಯೋಸ್ ಲಿವಾ ನೋಡೋಕೆ ಸಾದಾ, ಎಂಜಿನ್ ಬಾಳಿಕೆಗೆ ಕಣ್ಣು ಮುಚ್ಚಿ ಕೈ ಎತ್ತಬಹುದು. ಆದರೆ ಎಟಿಯೋಸ್‌ಗಳು ಟ್ಯಾಕ್ಸಿಗೆ ಬಹಳ ಓಡಿವೆ, ಹಳದಿ ಬೋರ್ಡು ಬಿಳಿಯಾಗಿದೆಯಾ ಅಂತ ದಾಖಲೆ ನೋಡಲೇಬೇಕು. ಇಗ್ನಿಸ್ ನೋಟ ಎಲ್ಲರಿಗೂ ಹಿಡಿಸಲ್ಲ. ಓಡಿಸಿ ನೋಡಿದ ಮೇಲೆ ನೋಟದ ಮಾತು ಮರೆತುಹೋಗುತ್ತೆ, ಅಷ್ಟು ಚುರುಕು.

ಹೀಗೆ ನೋಡಿದ್ದು ಹನ್ನೊಂದು ಕಾರು. ಒಂದನ್ನ ಮಾತ್ರ ಬಿಡಿಸಿ ಹೇಳಲೇಬೇಕು.

ಮೈಸೂರಲ್ಲೇ ಒಬ್ಬರ ಮನೆ. ಸ್ವಿಫ್ಟ್, ಮೀಟರಲ್ಲಿ 42,000. "ಸಿಂಗಲ್ ಓನರ್ ಮೇಡಂ, ಡಾಕ್ಟರ್ ಗಾಡಿ" ಅಂದರು. ಬೆಳಿಗ್ಗೆ ಏಳೂವರೆಗೆ ಬರ್ತೀವಿ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿದ್ದೆ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಆಗುವಾಗ ಬರೋ ಸದ್ದು, ಹೊಗೆ ಎರಡೂ ನಮಗೆ ಗೊತ್ತಾಗಬಾರದು ಅಂತಲೇ ಮೊದಲೇ ಬಿಸಿ ಮಾಡಿ ಇಟ್ಟಿದ್ದರು.

ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಅಣ್ಣ ಏನೂ ಮಾತಾಡದೆ ಡ್ರೈವರ್ ಬಾಗಿಲು ತೆಗೆದು ಕುಕ್ಕರಗಾಲಲ್ಲಿ ಕೂತರು. ಬ್ರೇಕ್ ಪೆಡಲಿನ ರಬ್ಬರ್ ತೋರಿಸಿದರು. ಬಲಗಡೆ ಅಂಚಿನ ಗೆರೆಗಳೆಲ್ಲ ಸವೆದು ನುಣ್ಣಗೆ ಹೊಳೀತಿತ್ತು. ಸ್ಟೇರಿಂಗಿಗೆ ಹೊಚ್ಚ ಹೊಸ ಕವರ್. ಅದರ ಹೊಲಿಗೆ ಸ್ವಲ್ಪ ಸರಿಸಿದರೆ ಒಳಗೆ ಸಿಪ್ಪೆ ಎದ್ದ ಹಳೇ ಸ್ಟೇರಿಂಗ್. "ನಲವತ್ತೆರಡು ಸಾವಿರಕ್ಕೆ ಪೆಡಲ್ ಹಿಂಗೆ ಸವೆಯಲ್ಲ ಮೇಡಂ" ಅಂತ ಮೆಲ್ಲಗೆ ಅಂದರು. ಆಮೇಲೆ ಸೀಟ್ ಬೆಲ್ಟನ್ನ ಕೊನೇತನಕ ಎಳೆದರು. ದಿನಾ ಹೊರಗೆ ಬರೋ ಭಾಗ ಶುಭ್ರ. ಒಳಗೆ ಸುತ್ತಿಕೊಂಡಿರೋ ತುದಿಯಲ್ಲಿ ಒಂದು ಗೇಣು ಉದ್ದಕ್ಕೆ ಕಂದು ಕಲೆ, ಒಣಗಿದ ಕೆಸರಿನ ಗೆರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಆ ಗುಂಡಿಯಲ್ಲೂ ಅದೇ ಬಣ್ಣದ ಮಣ್ಣು. ಕಾರು ನೀರಲ್ಲಿ ನಿಂತಿತ್ತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಸಾಲು ಸಾಲು ಕಾರು ಮುಳುಗಿದ್ದನ್ನ ನಾವೆಲ್ಲ ನೋಡಿದ್ವಿ. ಈ ಕಾರು ಎಲ್ಲಿ ಮುಳುಗಿತ್ತೋ ನಾನು ಕೇಳಲಿಲ್ಲ. ನೀರು ಕುಡಿದ ವೈರಿಂಗ್ ಇವತ್ತು ಚೆನ್ನಾಗಿರುತ್ತೆ, ಆರು ತಿಂಗಳಾದ ಮೇಲೆ ಒಂದೊಂದೇ ಕೈ ಕೊಡುತ್ತೆ.

ಸಿಟ್ಟು ಬಂತು. ಮನೇಲಿ ಮಕ್ಕಳನ್ನ ಕೂರಿಸಿಕೊಂಡು ಓಡಾಡೋ ವಸ್ತು ಇದು. ನಾಲ್ಕು ಲಕ್ಷ ಕೂಡಿಡೋಕೆ ಒಂದು ಕುಟುಂಬಕ್ಕೆ ಎಷ್ಟು ವರ್ಷ ಬೇಕು ಅನ್ನೋದು ಮಾರೋರಿಗೂ ಗೊತ್ತಿರುತ್ತೆ. ದಯವಿಟ್ಟು, ನಿಮಗೆ ಎಷ್ಟೇ ಗೊತ್ತಿದ್ದರೂ ನಿಮ್ಮ ಮೆಕ್ಯಾನಿಕ್ಕನ್ನ ಜೊತೆಗೆ ಕರ್ಕೊಂಡು ಹೋಗಿ. ಅವರ ಅರ್ಧ ದಿನದ ಕೂಲಿ ಕೊಡಿ, ಪೆಟ್ರೋಲ್ ಹಾಕಿಸಿ, ಊಟ ಹಾಕಿಸಿ. ಅವತ್ತು ಅವರು ನನ್ನ ತಮ್ಮನ ನಾಲ್ಕೂವರೆ ಲಕ್ಷ ಉಳಿಸಿದರು.

ಟೈರ್ ನೋಡೋದು ಮಾತ್ರ ಎಲ್ಲರೂ ಕಲಿಯಬಹುದು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. 2019ರ ಕಾರು, ಓಡಿದ್ದು 25,000 ಅಂತ ಹೇಳ್ತಾರೆ, ಟೈರ್ ಮೇಲೆ 2023 (2023ರ 20ನೇ ವಾರ) ಅಂತ ಇದೆ ಅಂದರೆ ಹಳೇ ಟೈರು ಯಾಕೆ ಹೋಯ್ತು ಅಂತ ಕೇಳಿ.

ಟೆಸ್ಟ್ ಡ್ರೈವ್ ಅಂದರೆ ಬೀದಿ ಕೊನೆಗೆ ಹೋಗಿ ತಿರುಗಿ ಬರೋದಲ್ಲ. ನಾನು ತಾವರೆಕಟ್ಟೆಯಿಂದ ಚಾಮುಂಡಿ ಬೆಟ್ಟದ ಅರ್ಧಕ್ಕೆ ಹತ್ತಿಸ್ತೀನಿ, ಎಸಿ ಹಾಕಿಕೊಂಡೇ. ಏರಲ್ಲಿ ನಿಲ್ಲಿಸಿ ಮತ್ತೆ ಎಬ್ಬಿಸಿ ನೋಡಿ. ಮೂರನೇ ಗೇರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ಸದ್ದು ಏರಿ ಸ್ಪೀಡು ಏರದಿದ್ದರೆ ಕ್ಲಚ್ ಮುಗಿದಿದೆ. ಇಳಿಯುವಾಗ ಬ್ರೇಕು ಒಂದು ಕಡೆ ಎಳೀತದಾ ಗೊತ್ತಾಗುತ್ತೆ. ಆಮೇಲೆ ರಿಂಗ್ ರೋಡಲ್ಲಿ ಎಂಬತ್ತಕ್ಕೆ ಹೋಗಿ ಸ್ಟೇರಿಂಗ್ ನಡುಗುತ್ತಾ ನೋಡಿ, ಕೊನೆಗೆ ಯಾವುದಾದರೂ ಕೆಟ್ಟ ರಸ್ತೆಯಲ್ಲಿ ಕಿಟಕಿ ಇಳಿಸಿ, ಹಾಡು ಆಫ್ ಮಾಡಿ, ಕೆಳಗಿಂದ ಬರೋ ಸದ್ದು ಕೇಳಿ. ಇಷ್ಟಕ್ಕೆ ಒಪ್ಪದವರ ಕಾರು ಬೇಡ.

ಸುರಕ್ಷತೆ ವಿಷಯದಲ್ಲಿ ನಾನು ಹಟಮಾರಿ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗಿ ಜಾರದ ಹಾಗೆ ನೋಡಿಕೊಳ್ಳೋದು ಎಬಿಎಸ್, ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಹಳೇ ಕಾರಲ್ಲಿ ಕೆಳಗಿನ ವೇರಿಯಂಟ್ ಆದರೆ ಎಬಿಎಸ್ ಇಲ್ಲದಿರಬಹುದು, ಏರ್‌ಬ್ಯಾಗ್ ಇಲ್ಲದಿರಬಹುದು. ನಮ್ಮ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ರಸ್ತೆಗಳು ಗೊತ್ತಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಆ ದಾರಿಯಲ್ಲೇ ಹಬ್ಬಕ್ಕೆ ಊರಿಗೆ ಹೋಗೋರು ನಾವು. ಸನ್‌ರೂಫ್ ಇಲ್ಲದಿದ್ದರೆ ನಷ್ಟವಿಲ್ಲ, ಎಬಿಎಸ್ ಇಲ್ಲದ ಕಾರು ಬೇಡವೇ ಬೇಡ. ಇದನ್ನೂ ಹೇಳಿಬಿಡ್ತೀನಿ: ನಾನು ಹೊಗಳಿದ ಆ 2018ರ ಸ್ವಿಫ್ಟಿಗೆ, ಕಾರುಗಳನ್ನ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡೋ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ಐದಕ್ಕೆ ಕೊಟ್ಟಿದ್ದು ಎರಡೇ ಸ್ಟಾರ್. ಎರಡು ಏರ್‌ಬ್ಯಾಗ್, ಎಬಿಎಸ್ ಎಲ್ಲ ವೇರಿಯಂಟಲ್ಲೂ ಇವೆ, ಆದರೂ ಬಾಡಿ ಸಾಕಷ್ಟು ಗಟ್ಟಿಯಿಲ್ಲ. ತಮ್ಮನಿಗೆ ಇದನ್ನೂ ಹೇಳಿಯೇ ಮುಂದುವರಿದೆ.

ಪೆಟ್ರೋಲಿನ ಮಾತು ಬಂದಾಗ ಅವನು ಇನ್ನೊಂದು ಕೇಳಿದ. "ಈಗಿನ ಪೆಟ್ರೋಲಲ್ಲಿ ನಮ್ ಕಬ್ಬಿಂದೇ ಸ್ಪಿರಿಟ್ಟು ಬೆರೆಸ್ತಾರಂತಲ್ಲಕ್ಕ, ಹಳೇ ಗಾಡಿಗೆ ಆಯ್ತದಾ?" ಗದ್ದೆಯಲ್ಲಿ ಕಬ್ಬು ಬೆಳೆಯೋ ಮನೆಯವರಾಗಿ ಎಥನಾಲ್ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ 20 ಪರ್ಸೆಂಟ್ ಎಥನಾಲಿಗೆ ತಕ್ಕ ಹಾಗೆ ಕಾರುಗಳು ಬರೋಕೆ ಶುರುವಾಗಿದ್ದು 2023ರ ಏಪ್ರಿಲ್ ಹೊತ್ತಿಗೆ. ಅದಕ್ಕೂ ಹಳೇ ಕಾರುಗಳಲ್ಲಿ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಳೇದು ತಗೊಂಡರೆ ಪೆಟ್ರೋಲ್ ಪೈಪು, ರಬ್ಬರ್ ಸೀಲು ನೋಡಿಸಿ, ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಕಾಗದ ಪತ್ರದ ಬಗ್ಗೆ ಉದ್ದಕ್ಕೆ ಬರೆಯಲ್ಲ, ಒಂದೇ ಸಂಗತಿ. ಅಪ್ಪ ಓಮ್ನಿ ಮಾರಿದಾಗ, ಗಾಡಿಯ ಹೆಸರು ಬದಲಾಯಿಸೋ ಫಾರ್ಮ್ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಬಂದರು. ತಗೊಂಡವರು ಹೆಸರು ಬದಲಾಯಿಸಲೇ ಇಲ್ಲ. ಮೂರು ವರ್ಷ ಟ್ರಾಫಿಕ್ ನೋಟಿಸು ನಮ್ಮ ಮನೆಗೇ ಬಂತು. ಬಿಪಿ ಇದ್ದ ಮನುಷ್ಯ, ಪೋಸ್ಟ್‌ಮ್ಯಾನ್ ಕಂಡರೆ ಗಾಬರಿ ಆಗೋರು. ಮಾರೋರಾಗಲಿ ಕೊಳ್ಳೋರಾಗಲಿ, ಆರ್‌ಸಿಯಲ್ಲಿ ಹೆಸರು ಬದಲಾದದ್ದನ್ನ ನೀವೇ ಆನ್‌ಲೈನಲ್ಲಿ ಕಣ್ಣಾರೆ ನೋಡಿ. ಸಾಲ ತೀರಿದೆ ಅಂದರೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರ್ಮ್ 35 ಕೇಳಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸೋಕೆ 14 ದಿನ ಇರುತ್ತೆ. ಮಾರಿದವರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯಿತಿ, ಅವರದೇ, ನಿಮಗೆ ಬರಲ್ಲ, ಆ ವ್ಯತ್ಯಾಸದ ದುಡ್ಡು ಕಟ್ಟಬೇಕು.

ಕೊನೆಗೆ ಸಿಕ್ಕಿದ್ದು ಮಂಡ್ಯ ನಂಬರಿನ (ಕೆಎ 11), 2018ರ ಸ್ವಿಫ್ಟ್. ಮದ್ದೂರಿನ ನಿವೃತ್ತ ಮೇಷ್ಟ್ರೊಬ್ಬರದು. 51,000 ಓಡಿದೆ. ಸರ್ವಿಸ್ ಬಿಲ್ಲುಗಳನ್ನ ದಿನಾಂಕದ ಪ್ರಕಾರ ಫೈಲಿನಲ್ಲಿ ಪೋಣಿಸಿ ಇಟ್ಟಿದ್ದರು. ಹಿಂದಿನ ಬಂಪರ್ ಒಂದು ಸಲ ಪೇಂಟ್ ಆಗಿದೆ ಅಂತ ನಾವು ಕೇಳೋಕೆ ಮೊದಲೇ ಹೇಳಿದರು. 4 ಲಕ್ಷದ 60 ಸಾವಿರ ಹೇಳಿದ್ದು 4 ಲಕ್ಷದ 20ಕ್ಕೆ ಇಳಿಸಿದರು. ಉಳಿದ ಮೂವತ್ತು ಸಾವಿರ ಟೈರು, ಬ್ಯಾಟರಿ, ಇನ್ಶೂರೆನ್ಸಿಗೆ. ಕೀ ಕೊಡುವಾಗ ಮೇಷ್ಟ್ರು ಬಾನೆಟ್ ಮೇಲೆ ಎರಡು ಸಲ ಕೈ ಸವರಿದರು. ನಮ್ಮ ಮೆಕ್ಯಾನಿಕ್ ಅಣ್ಣ ನನ್ನ ಕಡೆ ನೋಡಿ ತಲೆ ಆಡಿಸಿದರು, ತಗೊಳ್ಳಿ ಅಂತ.

ಹೋದ ಭಾನುವಾರ ತಮ್ಮ ಅವ್ವನ್ನ ಮುಂದೆ ಕೂರಿಸಿಕೊಂಡು ಮೇಲುಕೋಟೆಗೆ ಹೋಗಿದ್ದ. ರಾತ್ರಿ ಫೋನ್ ಮಾಡಿ ಮೈಲೇಜ್ ಮಾತೇ ಎತ್ತಲಿಲ್ಲ. "ಅಕ್ಕ, ಬೆಟ್ಟದ ಮೇಲಿಂದ ಇಳಿದೋನು ಇನ್ನೊಂದ್ಸಲ ಹತ್ತುಬುಟ್ಟೆ ಕಣಕ್ಕ. ಅವ್ವ ಏನೋ ಮರ್ತು ಬಂದ್ಯಾ ಅಂತ ಕೇಳ್ತಿತ್ತು" ಅಂದ. ಎಡಗಡೆ ಹಿಂದಿನ ಬಾಗಿಲ ರಬ್ಬರ್ ಸ್ವಲ್ಪ ಸಡಿಲವಂತೆ, ಗಾಳಿ ಸದ್ದು ಬರುತ್ತಂತೆ. ಶನಿವಾರ ಮೈಸೂರಿಗೆ ತಗೊಂಡು ಬಾ ಅಂದಿದೀನಿ.