ಕೈಗೆ ಕಂಕಣ, ಕಡಲಿಗೆ ಬೇಲಿ

ಜಮೈಕಾಕ್ಕೆ ಹೋಗಿ, ಒಂದು ವಾರ ಅಲ್ಲೇ ಇದ್ದು, ಜಮೈಕಾವನ್ನು ನೋಡದೆ ವಾಪಸು ಬರುವುದು ಸುಲಭದ ಕೆಲಸವಲ್ಲ. ಅದಕ್ಕೆ ಆರು ತಿಂಗಳ ಸಿದ್ಧತೆ ಬೇಕು, ಒಂದೆರಡು ಬೇರೆ ದೇಶಗಳ ಕೃಪೆ ಬೇಕು, ಗಟ್ಟಿಯಾದ ಒಂದು ಕಾಂಪೌಂಡು ಬೇಕು. ದ್ವೀಪ ತೀರಾ ಚಿಕ್ಕದೇನಲ್ಲ. ಸುಮಾರು 11,000 ಚದರ ಕಿ.ಮೀ., ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ತುಸು ಹೆಚ್ಚೇ. ಅಷ್ಟು ದೊಡ್ಡ ಊರು ಏಳು ದಿನವೂ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವ ಏರ್ಪಾಡಿಗೆ ‘ಆಲ್ ಇನ್‌ಕ್ಲೂಸಿವ್’ ರೆಸಾರ್ಟ್ ಎಂದು ಹೆಸರು. ಎಲ್ಲವೂ ಸೇರಿದೆ ಎಂದರ್ಥ. ದ್ವೀಪವೊಂದನ್ನು ಬಿಟ್ಟು.

ಮೊದಲು ವೀಸಾ. ಭಾರತದ ಪಾಸ್‌ಪೋರ್ಟ್ ಇರುವ ಪ್ರವಾಸಿಗೆ ಜಮೈಕಾ 30 ದಿನಗಳವರೆಗೆ ವೀಸಾ ಕೇಳುವುದಿಲ್ಲ. ಸಿ5 ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿದರೆ ಮುಗಿಯಿತು, ದುಡ್ಡೂ ಇಲ್ಲ. ಇಷ್ಟು ಓದಿ ಹಿರಿಹಿರಿ ಹಿಗ್ಗಬೇಡಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿಗಳು ದಾರಿಯಲ್ಲಿದ್ದಾರೆ. ಬೆಂಗಳೂರಿನಿಂದ ಜಮೈಕಾದ ವಿಮಾನ ನಿಲ್ದಾಣವಿರುವ ಮಾಂಟೆಗೊ ಬೇಗೆ ನೇರ ವಿಮಾನ ಇಲ್ಲ. ಅಮೆರಿಕದ ಮೂಲಕ ಹೋದರೆ, ಅಲ್ಲಿ ವಿಮಾನ ಬದಲಿಸಿ ಹಾಗೇ ದಾಟಿಹೋಗುವ ವ್ಯವಸ್ಥೆಯೇ ಇಲ್ಲ. ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಪೆಟ್ಟಿಗೆಯನ್ನು ಮತ್ತೆ ಒಪ್ಪಿಸಬೇಕು. ಈ ಎರಡು ಮೂರು ಗಂಟೆಯ ಸುಖಕ್ಕೆ ಸಿ-1 ಎಂಬ ಟ್ರಾನ್ಸಿಟ್ ವೀಸಾ, ಅರ್ಜಿಗೆ 185 ಡಾಲರ್, ಜೊತೆಗೆ ಸಂದರ್ಶನ. ‘ಅಮೆರಿಕಕ್ಕೆ ಏಕೆ ಹೋಗುತ್ತಿದ್ದೀರಿ?’ ‘ಹೋಗುತ್ತಿಲ್ಲ ಸಾರ್.’ ಲಂಡನ್ ಮೂಲಕವಾದರೆ ಇನ್ನೊಂದು ಒಗಟು. ಇಳಿದ ನಿಲ್ದಾಣದಲ್ಲೇ ಮುಂದಿನ ವಿಮಾನವಿದ್ದರೆ ಒಂದು ಬಗೆಯ ಟ್ರಾನ್ಸಿಟ್ ವೀಸಾ. ಹೀಥ್ರೂನಲ್ಲಿ ಇಳಿದು ಗ್ಯಾಟ್‌ವಿಕ್‌ನಲ್ಲಿ ಹತ್ತಬೇಕಾದರೆ ಗಡಿ ದಾಟಬೇಕು, ಅದಕ್ಕೆ ಬೇರೆಯದೇ ವೀಸಾ. ಅಗ್ಗದ ಟಿಕೆಟ್ ಹುಡುಕಿಕೊಡುವ ಜಾಲತಾಣಗಳು ಈ ಎರಡನೆಯ ದಾರಿಯನ್ನೇ ಮೇಲೆ ತೋರಿಸುತ್ತವೆ, ಏಕೆಂದರೆ ಅಗ್ಗ. ಟಿಕೆಟ್ ಕೊಂಡ ಮೇಲೆ ವೀಸಾ ನೋಡುವವರು ಇಲ್ಲೇ ಮುಗ್ಗರಿಸುತ್ತಾರೆ. ಟೊರಾಂಟೊ ಮೂಲಕ ಹೋಗುವವರಿಗೂ ವೀಸಾ ಬೇಕು, ಆದರೆ ಕೆನಡಾದ ಟ್ರಾನ್ಸಿಟ್ ವೀಸಾಕ್ಕೆ ಶುಲ್ಕವಿಲ್ಲ. ಪೂಜಾರಿಗಳಲ್ಲೂ ಒಳ್ಳೆಯವರಿದ್ದಾರೆ.

ಆಮೇಲೆ ತಾರೀಖು. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಹವೆ ಚೆನ್ನ, ದರ ದುಬಾರಿ. ಸೆಪ್ಟೆಂಬರ್‌ನಲ್ಲಿ ದರ ಇಳಿದಿರುತ್ತದೆ. ಯಾಕೆ ಎಂದು ಯಾವ ಜಾಹೀರಾತೂ ಹೇಳುವುದಿಲ್ಲ, ಹೇಳುವುದು ಪಂಚಾಂಗ. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ, ಸೆಪ್ಟೆಂಬರ್ ಅದರ ತುತ್ತತುದಿ. ಅಗ್ಗದ ರೂಮು ಹಿಡಿದವರು ವಿಮೆಯನ್ನೂ ಅದೇ ದಿನ ಮಾಡಿಸಬೇಕು. ಬಿರುಗಾಳಿಗೆ ನಾಮಕರಣ ಆದ ಮೇಲೆ ಕೊಂಡ ವಿಮೆ ಆ ಬಿರುಗಾಳಿಗೆ ಅನ್ವಯಿಸುವುದಿಲ್ಲ: ಮಗುವಿಗೆ ಹೆಸರಿಟ್ಟ ಮೇಲೆ ತೊಟ್ಟಿಲಿಗೆ ಹಣ ಕೊಡುವವರಿಲ್ಲ. ರೆಸಾರ್ಟುಗಳೂ ‘ಚಂಡಮಾರುತ ಗ್ಯಾರಂಟಿ’ ಎಂದು ಒಂದನ್ನು ಕೊಡುತ್ತವೆ. ಅದರ ಸಣ್ಣ ಅಕ್ಷರ ಓದಿ. ಬಹುಪಾಲು ಕಡೆ ಹಣ ವಾಪಸಿಲ್ಲ, ಬದಲಿಗೆ ಇನ್ನೊಮ್ಮೆ ಬಂದು ಉಳಿಯುವ ಅವಕಾಶ. ಅದೂ ಗಾಳಿ ಗಂಟೆಗೆ 119 ಕಿ.ಮೀ. ದಾಟಿ, ಆ ರೆಸಾರ್ಟಿಗೇ ಬಡಿದಿದ್ದರೆ. ಪಕ್ಕದ ಊರಿಗೆ ಬಡಿದು, ನೀವು ಮೂರು ದಿನ ಕೊಠಡಿಯಲ್ಲಿ ಮಳೆ ನೋಡಿದ್ದರೆ ಅದು ಹವಾಮಾನ, ಚಂಡಮಾರುತವಲ್ಲ.

2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಎಂಬ ಐದನೆಯ, ಅಂದರೆ ಅತಿ ಜೋರಿನ ದರ್ಜೆಯ ಚಂಡಮಾರುತ ಗಂಟೆಗೆ ಸುಮಾರು 295 ಕಿ.ಮೀ. ವೇಗದ ಗಾಳಿಯೊಂದಿಗೆ ಜಮೈಕಾದ ನೈರುತ್ಯ ಕರಾವಳಿಗೆ ಅಪ್ಪಳಿಸಿತು. ಬ್ಲ್ಯಾಕ್ ರಿವರ್ ಎಂಬ ಹಳೆಯ ಪಟ್ಟಣ ನೆಲಸಮವಾದಂತೆ ಆಯಿತು. ಪ್ರವಾಸೋದ್ಯಮ ಮತ್ತೆ ಶುರುವಾಗಲು ಸರ್ಕಾರ ಇಟ್ಟುಕೊಂಡ ಗುರಿ ಡಿಸೆಂಬರ್ 15. ಮನೆಯ ಸೂರಿಗೆ ಅಷ್ಟು ಸ್ಪಷ್ಟವಾದ ತಾರೀಖು ಇರಲಿಲ್ಲ, ಬೀಚಿನ ಛತ್ರಿಗೆ ಇತ್ತು. ನಗುವ ವಿಷಯವಲ್ಲ ಇದು. ಸೂರು ಹಾರಿಹೋದ ಮನೆಯವಳಿಗೆ ಸಂಬಳ ಬರಬೇಕಾದ್ದು ಆ ಛತ್ರಿಯ ಕೆಳಗಿನಿಂದಲೇ.

ಕೊಠಡಿ ಆರಿಸುವುದು ಸಾಹಿತ್ಯ ವಿಮರ್ಶೆಯ ಕೆಲಸ. ‘ಓಷನ್ ಫ್ರಂಟ್’ ಎಂದರೆ ಎದುರಿಗೆ ಕಡಲು. ‘ಓಷನ್ ವ್ಯೂ’ ಎಂದರೆ ಎಲ್ಲೋ ಕಡಲು. ‘ಪಾರ್ಷಿಯಲ್ ಓಷನ್ ವ್ಯೂ’ ಎಂದರೆ ಬಾಲ್ಕನಿಯ ಎಡಮೂಲೆಯಲ್ಲಿ ನಿಂತು, ಹಿಂದಿನಿಂದ ಯಾರಾದರೂ ಸೊಂಟ ಹಿಡಿದುಕೊಂಡರೆ, ತೆಂಗಿನ ಗರಿಗಳ ನಡುವೆ ಒಂದು ನೀಲಿ ಗೆರೆ. ‘ಗಾರ್ಡನ್ ವ್ಯೂ’ ಎಂದರೆ ಎ.ಸಿ.ಯ ಹೊರಡಬ್ಬಿಗಳು ಮತ್ತು ಒಂದು ದಾಸವಾಳ. ಕಡಲು ಎದುರಿಗೇ ಇದ್ದರೂ ಯಾವ ದಿಕ್ಕಿನದು ಎಂದು ನೋಡಿಕೊಳ್ಳಬೇಕು. 2011ರಿಂದೀಚೆಗೆ ಸಾರ್ಗಾಸಂ ಎಂಬ ಕಂದು ಪಾಚಿ ಅಟ್ಲಾಂಟಿಕ್‌ನಿಂದ ರಾಶಿ ರಾಶಿಯಾಗಿ ತೇಲಿಬಂದು, ಬೇಸಗೆಯ ತಿಂಗಳುಗಳಲ್ಲಿ ಹೆಚ್ಚಾಗಿ ಪೂರ್ವ ಮತ್ತು ದಕ್ಷಿಣದ ದಂಡೆಗೆ ಬಂದು ಬೀಳುತ್ತದೆ. ಕೊಳೆತರೆ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆ. ಪಶ್ಚಿಮ ತುದಿಯ ನೆಗ್ರಿಲ್‌ಗೆ ಈ ಕಾಟ ಕಡಿಮೆ. ಅಲ್ಲಿಯ ಬೀಚಿನ ಹೆಸರು ‘ಸೆವೆನ್ ಮೈಲ್’. ಅಳೆಯಲು ಹೋಗಬೇಡಿ, ಏಳು ಬರುವುದಿಲ್ಲ.

ವಿಮಾನ ನಿಲ್ದಾಣದಿಂದ ನೆಗ್ರಿಲ್‌ಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ವಾಹನಗಳು ನಮ್ಮಂತೆಯೇ ರಸ್ತೆಯ ಎಡಕ್ಕೆ ಓಡುತ್ತವೆ. ಬಸ್ಸು ಯಾವಾಗ ಹೊರಡುತ್ತದೆ ಎಂದು ಕೇಳಿದರೆ ‘ಸೂನ್ ಕಮ್’ ಎನ್ನುತ್ತಾರೆ. ಇಂಗ್ಲಿಷರು ಇದನ್ನು ‘ಬೇಗ ಬರುತ್ತದೆ’ ಎಂದು ತಿಳಿದು ಬಳಲುತ್ತಾರೆ. ನಮಗೆ ಆ ತೊಂದರೆ ಇಲ್ಲ. ‘ಬಂದೆ ಬಂದೆ, ಇಲ್ಲೇ ಸಿಗ್ನಲ್ ಹತ್ರ ಇದೀನಿ’ ಎಂಬುದರ ಜಮೈಕಾ ಅನುವಾದ ಅದು. ಈ ಒಂದೂವರೆ ಗಂಟೆಯನ್ನು ಚೆನ್ನಾಗಿ ಬಳಸಿಕೊಳ್ಳಿ, ಕಿಟಕಿ ಪಕ್ಕ ಕೂರಿ. ಜಮೈಕಾ ಕಾಣುವುದು ಇಷ್ಟೇ ಹೊತ್ತು.

ಒಳಗೆ ಕಾಲಿಟ್ಟ ಕೂಡಲೇ ಕೈಗೆ ಪ್ಲಾಸ್ಟಿಕ್ ಪಟ್ಟಿ ಹಾಕಿ ಲಾಕ್ ಒತ್ತುತ್ತಾರೆ. ಸ್ನಾನಕ್ಕೂ ಬಿಚ್ಚುವಂತಿಲ್ಲ. ನಮ್ಮ ಕಡೆ ಮದುವೆಗೋ ಜಾತ್ರೆಗೋ ಕಂಕಣ ಕಟ್ಟಿಸಿಕೊಂಡವರು ಊರ ಸೀಮೆ ದಾಟಬಾರದು ಎನ್ನುತ್ತಾರಲ್ಲ, ಅದೇ ಶಾಸ್ತ್ರ. ಗೇಟಿನಾಚೆ ಹೋದರೆ ಅಪಾಯ ಎಂದು ಸ್ವಾಗತ ಮೇಜಿನಲ್ಲಿ ಮೆಲ್ಲಗೆ ಹೇಳುತ್ತಾರೆ. ಗೇಟಿನಾಚೆಯಿಂದಲೇ ದಿನಾ ಬೆಳಿಗ್ಗೆ ಬಂದು ಅದನ್ನು ಹೇಳುತ್ತಾರೆ, ಸಂಜೆ ಅಲ್ಲಿಗೇ ಮರಳುತ್ತಾರೆ.

ಕಂಕಣ ಕಟ್ಟಿದ ಮೇಲೆ ಎಲ್ಲ ಬಿಟ್ಟಿ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ಈಗ ಲೆಕ್ಕಾಚಾರ ಶುರುವಾಗುತ್ತದೆ: ಒಬ್ಬರಿಗೆ ರಾತ್ರಿಗೆ 250 ಡಾಲರ್ ಎಂದಿಟ್ಟುಕೊಳ್ಳಿ, ಲೋಟಕ್ಕೆ 10 ಡಾಲರ್ ಬೆಲೆ ಕಟ್ಟಿದರೆ ಅಸಲು ಹುಟ್ಟಲು ದಿನಕ್ಕೆ 25 ಲೋಟ ಕುಡಿಯಬೇಕು. ಲೋಟ ಚಿಕ್ಕದು, ಮುಕ್ಕಾಲು ಐಸ್. ಒಳ್ಳೆಯ ರಮ್ ಬೇಕೆಂದರೆ ‘ಅದು ಪ್ರೀಮಿಯಂ, ಪ್ಯಾಕೇಜಿಗೆ ಸೇರಿಲ್ಲ’. ಕಬ್ಬಿನ ದ್ವೀಪ ಅದು.

ಬೆಳಿಗ್ಗೆ ಆರಕ್ಕೆ ಈಜುಕೊಳದ ಕುರ್ಚಿಗಳ ಮೇಲೆ ಟವೆಲ್ ಹಾಸಿ, ತಿಂಡಿಗೆ ಹೋಗಿ, ಹನ್ನೊಂದಕ್ಕೆ ಬರುವ ಪದ್ಧತಿಯೊಂದಿದೆ. ಜರ್ಮನರೋ ಬ್ರಿಟಿಷರೋ ಇದರಲ್ಲಿ ಮುಂದು ಎಂದು ಯುರೋಪಿನಲ್ಲಿ ಹಳೆಯ ಜಗಳ. ಇಬ್ಬರೂ ಸುಮ್ಮನಿರಲಿ. ಚಲಿಸುತ್ತಿರುವ ಕೆಂಪು ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಮೂವರ ಸೀಟು ಹಿಡಿದ ನಾಡಿನವರ ಮುಂದೆ, ನಿಂತ ಕುರ್ಚಿ ಯಾವ ಲೆಕ್ಕ? ಒಂದೇ ಎಚ್ಚರ, ಅಲ್ಲಿ ಟವೆಲ್‌ಗೂ ಕಾರ್ಡು ಕೊಡುತ್ತಾರೆ. ಕಳೆದರೆ ಬಿಲ್ಲಿಗೆ ಸೇರಿಸುತ್ತಾರೆ.

ಊಟದ ವಿಷಯದಲ್ಲಿ ದ್ವೀಪಕ್ಕೆ ದೊಡ್ಡ ಪರಂಪರೆ ಇದೆ. 1503ರ ಜೂನ್‌ನಲ್ಲಿ ಕೊಲಂಬಸ್ ಹುಳು ತಿಂದ ಹಡಗುಗಳೊಂದಿಗೆ ಈಗಿನ ಸೇಂಟ್ ಆನ್ಸ್ ಬೇಯಲ್ಲಿ ನೆಲಕಚ್ಚಿ, ಸುಮಾರು ಒಂದು ವರ್ಷ ಸ್ಥಳೀಯ ಟೈನೋ ಜನರ ಅನ್ನ ತಿಂದ. ಅವರು ಬೇಸತ್ತು ಊಟ ನಿಲ್ಲಿಸಿದಾಗ, ಬಳಿಯಿದ್ದ ಪಂಚಾಂಗ ನೋಡಿ, 1504ರ ಫೆಬ್ರವರಿ 29ರ ಚಂದ್ರಗ್ರಹಣವನ್ನು ದೇವರ ಸಿಟ್ಟು ಎಂದು ಹೆದರಿಸಿ ಬುಫೆ ಮತ್ತೆ ತೆರೆಸಿದ. ದ್ವೀಪದ ಮೊದಲ ಆಲ್ ಇನ್‌ಕ್ಲೂಸಿವ್ ಅತಿಥಿ ಆತನೇ. ದೂರು ಕೊಟ್ಟರೆ ಕೆಲಸವಾಗುತ್ತದೆ ಎಂದು ತೋರಿಸಿಕೊಟ್ಟವನೂ ಆತನೇ. ಆ ಸೇಂಟ್ ಆನ್ ಪ್ರಾಂತ್ಯದ ಓಚೊ ರಿಯೊಸ್ ಸುತ್ತಮುತ್ತ ಈಗ ಸಾಲು ಸಾಲು ರೆಸಾರ್ಟುಗಳು.

ಬುಫೆಯಲ್ಲಿ ಪಾಸ್ತಾ ಇರುತ್ತದೆ, ಬರ್ಗರ್ ಇರುತ್ತದೆ. ‘ಜಮೈಕಾ ರಾತ್ರಿ’ ವಾರಕ್ಕೊಮ್ಮೆ, ಸಾಮಾನ್ಯವಾಗಿ ಸ್ಟೀಲ್ ಡ್ರಮ್ ಬಾರಿಸುವವರೊಂದಿಗೆ. ಆ ವಾದ್ಯ ಹುಟ್ಟಿದ್ದು ಟ್ರಿನಿಡಾಡ್‌ನಲ್ಲಿ. ಉಳಿದ ಆರು ರಾತ್ರಿಗೆ ಇಟಾಲಿಯನ್, ಜಪಾನಿ ರೆಸ್ಟೋರೆಂಟುಗಳಿವೆ, ಬುಕಿಂಗ್ ಬೇಕು. ಕೊಠಡಿಯ ಕೀಲಿ ಸಿಕ್ಕ ಹತ್ತು ನಿಮಿಷದೊಳಗೆ ವಾರದ ಎಲ್ಲ ರಾತ್ರಿಗೂ ಹೆಸರು ಬರೆಸಿಬಿಡಬೇಕು, ತಡವಾದರೆ ಉಳಿಯುವುದು ಸಂಜೆ ಐದೂವರೆ, ಇಲ್ಲವೇ ರಾತ್ರಿ ಒಂಬತ್ತೂವರೆ. ಗಂಡಸರಿಗೆ ಉದ್ದ ಪ್ಯಾಂಟು, ಮುಚ್ಚಿದ ಶೂ ಕಡ್ಡಾಯ. ಪಂಚೆ ಎಷ್ಟೇ ಉದ್ದವಿದ್ದರೂ ಪ್ಯಾಂಟ್ ಅಲ್ಲ.

ಸಸ್ಯಾಹಾರಿಗಳು ಏಳೂ ದಿನ ಚೀಸು, ಬ್ರೆಡ್ಡು, ಅನಾನಸು ಎಂದು ಶೋಕಿಸುತ್ತಾರೆ. ಗೋಡೆಯಾಚೆ ರಾಸ್ತಫಾರಿ ಎಂಬ ಜಮೈಕಾದ ಧಾರ್ಮಿಕ ಪಂಥದವರ ‘ಐಟಲ್’ ಅಡುಗೆ ಬೇಯುತ್ತಿರುತ್ತದೆ: ಮಾಂಸವಿಲ್ಲ, ಹಲವರಲ್ಲಿ ಉಪ್ಪೂ ಇಲ್ಲ, ಕುಂಬಳಕಾಯಿ, ಸೊಪ್ಪು, ತೆಂಗಿನ ಹಾಲು. ಕ್ರಿಸ್ಮಸ್ ಹೊತ್ತಿಗೆ ಅನ್ನಕ್ಕೆ ಹಾಕುವ ‘ಗಂಗೋ ಪೀಸ್’ ಏನು ಗೊತ್ತೇ? ಹಸಿ ತೊಗರಿಕಾಳು. ಕಲಬುರಗಿಯವರು ಹದಿನೈದು ಸಾವಿರ ಕಿ.ಮೀ. ಹಾರಿ ಬಂದು, ತೊಗರಿಯಿಂದ ಒಂದು ಗೋಡೆಯ ದೂರದಲ್ಲಿ ಕುಳಿತು ಪಾಸ್ತಾ ತಿನ್ನಬಹುದು. 1845ರಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಬಂದ ಭಾರತೀಯರು ಕೊಟ್ಟ ಮೇಕೆ ಮಾಂಸದ ಕರಿ ಇಂದು ಜಮೈಕಾದ ಮದುವೆ, ಸಾವು ಎರಡಕ್ಕೂ ಬೇಕು. ಅದೂ ಗೋಡೆಯಾಚೆಯೇ ರುಚಿ.

ಹಾಗಾದರೆ ಮನೆಯಿಂದ ಕೆಟಲ್ ಒಯ್ದು ಉಪ್ಪಿಟ್ಟು ಕೆದಕೋಣ ಎನ್ನುವವರಿಗೆ: ಅಲ್ಲಿಯ ವಿದ್ಯುತ್ 110 ವೋಲ್ಟ್. ನಮ್ಮ 230 ವೋಲ್ಟಿನ, 1500 ವಾಟ್ ಕೆಟಲ್ ಅಲ್ಲಿ ಕಾಲು ಭಾಗಕ್ಕಿಂತ ಕಡಿಮೆ, ಸುಮಾರು 340 ವಾಟ್ ಶಾಖ ಕೊಡುತ್ತದೆ. ನಾಲ್ಕು ನಿಮಿಷದಲ್ಲಿ ಕುದಿಯುವ ಒಂದು ಲೀಟರ್ ನೀರಿಗೆ ಹದಿನೈದು ನಿಮಿಷದ ಮೇಲೆ ಬೇಕು. ಅದರದೂ ‘ಸೂನ್ ಕಮ್’. ಅಲ್ಲಿ ಕೊಂಡ ಹೇರ್ ಡ್ರೈಯರ್ ಅನ್ನು ಮನೆಗೆ ತಂದು ಸಿಕ್ಕಿಸಿದರೆ ಮಾತ್ರ ತಕ್ಷಣ ಫಲ, ಹೊಗೆಯ ರೂಪದಲ್ಲಿ. ಮೊಬೈಲ್ ಚಾರ್ಜರಿಗೆ ತೊಂದರೆಯಿಲ್ಲ, ಚಪ್ಪಟೆ ಕಡ್ಡಿಯ ಅಡಾಪ್ಟರ್ ಸಾಕು.

ಈಗ ಕಡಲಿಗೆ ಬರೋಣ. ಜಮೈಕಾದವರಿಗೆ ಜಮೈಕಾದ ಕಡಲಲ್ಲಿ ಈಜುವ ಸಾಮಾನ್ಯ ಹಕ್ಕು ಇಲ್ಲ. ತಮಾಷೆಯಲ್ಲ. ಬ್ರಿಟಿಷರ ಕಾಲದ 1956ರ ಬೀಚ್ ನಿಯಂತ್ರಣ ಕಾಯ್ದೆ ಭರತ ಇಳಿತಗಳ ನಡುವಿನ ದಂಡೆ ಮತ್ತು ಕಡಲ ತಳ ‘ಕ್ರೌನ್’ನದು, ಅಂದರೆ ಸರ್ಕಾರದ್ದು ಎಂದಿತು. ಬಳಸಲು ಲೈಸೆನ್ಸು ಬೇಕು. ಮೀನುಗಾರರ ರೂಢಿಯ ಹಕ್ಕಿಗೆ ಒಂದಿಷ್ಟು ವಿನಾಯಿತಿ. 1962ರಲ್ಲಿ ಸ್ವಾತಂತ್ರ್ಯ ಬಂತು, ಬಾವುಟ ಬದಲಾಯಿತು, ದಂಡೆಯ ಕಾಯ್ದೆ ಉಳಿಯಿತು. ವಿನಿಫ್ರೆಡ್ ಬೀಚು ಸಾರ್ವಜನಿಕರಿಗೆ ಉಳಿಯಲಿ ಎಂದು ಊರಿನವರು ಕೋರ್ಟು ಹತ್ತಬೇಕಾಯಿತು. ಮ್ಯಾಮಿ ಬೇಯಲ್ಲಿ ದಾರಿಗೆ ಅಡ್ಡ ಬಿದ್ದಾಗ ಪ್ರತಿಭಟನೆ ನಡೆಯಿತು. ಬಾರ್ಬಡೋಸ್‌ನಲ್ಲಿ ಇಂಥ ತಕರಾರಿಲ್ಲ, ಬೀಚೆಲ್ಲ ಸಾರ್ವಜನಿಕ. ಜಮೈಕಾದಲ್ಲಿ, ಹುಟ್ಟಿದಾಗಿನಿಂದ ಅಲೆಯ ಸದ್ದು ಕೇಳಿ ಬೆಳೆದವನು ಅದೇ ನೀರಿಗಿಳಿಯಲು ರೆಸಾರ್ಟಿನ ‘ಡೇ ಪಾಸ್’ ಕೊಂಡು, ಅವನೂ ಕೈಗೆ ಪಟ್ಟಿ ಹಾಕಿಸಿಕೊಳ್ಳಬೇಕಾದ ಜಾಗಗಳಿವೆ. ನಿಮಗೆ ಹೊರಗೆ ಹೋಗಬೇಡಿ ಎಂದು ಕಂಕಣ, ಅವನಿಗೆ ಒಳಗೆ ಬರಲು ಕಂಕಣ.

ಎರಡನೆಯ ದಿನ ತಿಂಡಿಯ ನಂತರ ‘ಮಾಹಿತಿ ಸಭೆ’ ಇರುತ್ತದೆ. ಮಾಹಿತಿ ಎಂದರೆ ಪ್ರವಾಸ ಮಾರಾಟ. ಎಲ್ಲರೂ ಕೊಳ್ಳುವುದು ಡನ್ಸ್ ರಿವರ್ ಜಲಪಾತ: ಸುಮಾರು 180 ಮೀಟರ್ ಉದ್ದದ ಮೆಟ್ಟಿಲು ಬಂಡೆಗಳನ್ನು ಅಪರಿಚಿತರ ಕೈಕೈ ಹಿಡಿದು ಹತ್ತುವುದು. ರಬ್ಬರಿನ ನೀರು ಶೂ ಬೇಕು, ಮನೆಯಿಂದಲೇ ಒಯ್ಯಿರಿ. ಮಾನವ ಸರಪಳಿಯಲ್ಲಿ ಮುಂದಿನವರು ಜಾರಿದರೆ ಹಿಂದಿನವರೂ ಜಾರುತ್ತಾರೆ. ಬೀದರಿನಿಂದ ಚಾಮರಾಜನಗರದವರೆಗೆ ನಿಂತ ನಮ್ಮ ಸರಪಳಿಗೆ ಈ ಕಷ್ಟ ಇರಲಿಲ್ಲ, ಕಾಲಡಿ ಒಣ ರಸ್ತೆ. ಕಿಂಗ್‌ಸ್ಟನ್‌ನ ಸಬೀನಾ ಪಾರ್ಕ್ ತೋರಿಸಿ ಎಂದು ಕೇಳಿ ನೋಡಿ. 1976ರಲ್ಲಿ ಜಿ.ಆರ್. ವಿಶ್ವನಾಥ್ ಬೆರಳು ಮುರಿದುಕೊಂಡು, ಬ್ರಿಜೇಶ್ ಪಟೇಲ್ ಬಾಯಿಗೆ ಹೊಲಿಗೆ ಹಾಕಿಸಿಕೊಂಡು, ಎರಡನೆಯ ಇನಿಂಗ್ಸ್‌ನಲ್ಲಿ ಐವರು ಬ್ಯಾಟ್ ಹಿಡಿಯಲಾಗದೆ ಭಾರತ 97ಕ್ಕೆ ಮುಗಿದ ಮೈದಾನ. ಮೇಜಿನ ಹುಡುಗಿ ನಗುತ್ತಾಳೆ, ‘ಕಿಂಗ್‌ಸ್ಟನ್ ತುಂಬ ದೂರ, ಅಲ್ಲಿ ಏನಿದೆ?’ ಏನಿಲ್ಲ, ರಾಜಧಾನಿ.

ಹೊರಡುವ ದಿನ ಹನ್ನೊಂದಕ್ಕೆ ಕೊಠಡಿ ಖಾಲಿ ಮಾಡಬೇಕು. ಬಂದ ದಿನ ಕೊಟ್ಟಿದ್ದು ಮಧ್ಯಾಹ್ನ ಮೂರಕ್ಕೆ. ಊರಿಗೂ ಅಲ್ಲಿಗೂ ಹತ್ತೂವರೆ ಗಂಟೆ ಅಂತರ, ಮೊದಲ ಮೂರು ದಿನ ನಡುರಾತ್ರಿ ಎಚ್ಚರ, ಹಾಡುಹಗಲೇ ತೂಕಡಿಕೆ. ಹೀಗೆ ಏಳು ದಿನ ಸೋಸಿದರೆ ನಿಲ್ಲುವುದು ನಾಲ್ಕು. ಅಂಗಡಿಯಲ್ಲಿ ಬ್ಲೂ ಮೌಂಟನ್ ಕಾಫಿಯ ಪುಟ್ಟ ಪೊಟ್ಟಣ ಸಿಗುತ್ತದೆ. ಆ ಬೆಟ್ಟ 2,256 ಮೀಟರ್, ಮುಳ್ಳಯ್ಯನಗಿರಿಗಿಂತ ಎತ್ತರ. ಬೆಳೆಯ ದೊಡ್ಡ ಪಾಲು ಜಪಾನಿಗೆ ಹೋಗುತ್ತದೆ, ವಾರವಿಡೀ ಬುಫೆಯ ಯಂತ್ರದಲ್ಲಿ ಕುಡಿದದ್ದು ಅದಲ್ಲ.

ಕೊನೆಗೆ ಕಂಕಣ ವಿಸರ್ಜನೆ. ಪಟ್ಟಿಯನ್ನು ಎಳೆದರೆ ಬಿಗಿಯಾಗುತ್ತದೆ, ಹಲ್ಲಿಗೆ ಬಗ್ಗುವುದಿಲ್ಲ, ಕತ್ತರಿ ಆಗಲೇ ವಿಮಾನದ ಹೊಟ್ಟೆಗೆ ಹೋದ ಪೆಟ್ಟಿಗೆಯಲ್ಲಿ. ಕೈಚೀಲದಲ್ಲಿ ಒಂದು ನೇಲ್ ಕಟರ್ ಇಟ್ಟುಕೊಳ್ಳಿ, ನಾಲ್ಕು ಕಚ್ಚಿಗೆ ತುಂಡಾಗುತ್ತದೆ. ಕೆಳಗೆ ಒಂದು ಬೆರಳಗಲ ಬಿಸಿಲು ಕಾಣದ ಚರ್ಮ ಉಳಿದಿರುತ್ತದೆ. ಸೋಮವಾರ ಆಫೀಸಿನಲ್ಲಿ ಜಮೈಕಾ ಹೇಗಿತ್ತು ಎಂದು ಕೇಳಿದವರಿಗೆ ತೋಳು ಮಡಚಿ ಅದನ್ನೇ ತೋರಿಸಬಹುದು.